ಎಲ್, ಡಿ, ಆರು, ಹತ್ತು, ಐವತ್ತೇಳು

ಎಲ್ಲದಕ್ಕೂ ಕಾರಣ ಒಂದು ಹಿತ್ತಾಳೆ ಚೊಂಬು.

ಬೆಳಿಗ್ಗೆ ಒಂಬತ್ತೂವರೆಗೆ ಮನೆಸಾಮಾನು ತುಂಬಿದ ಲಾರಿ ಮತ್ತಿಕೆರೆಯ ಓಣಿಯಲ್ಲಿ ಹತ್ತು ಮಾರು ಹೋಗಿತ್ತೋ ಇಲ್ಲವೋ, ಮುಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತು ಬೆರಳು ಮಡಚುತ್ತ ಸಾಮಾನು ಎಣಿಸುತ್ತಿದ್ದ ವೆಂಕಟರಾಮಯ್ಯನವರು ಇದ್ದಕ್ಕಿದ್ದಂತೆ, "ನಿಲ್ಸಿ! ನಿಲ್ಸಿ! ಚೊಂಬು ಬಂದಿಲ್ಲ!" ಎಂದು ಕೂಗಿಕೊಂಡರು.

ಲಾರಿಯ ಮಾಲೀಕನೂ ಡ್ರೈವರೂ ಆದ ಮುನಿಕೃಷ್ಣಪ್ಪ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಲಾರಿ ಒಂದು ಪಕ್ಕಕ್ಕೆ ವಾಲಿ, ಅದರ ಹಿಂದಿನ ಚಕ್ರ ಮೋರಿಗೆ ಇಳಿಯಿತು.

"ಒಂದು ಚೊಂಬಿಗೆ ಇಷ್ಟು ಕೂಗೋದೇ ಅಯ್ನೋರೆ? ಯಾರೋ ಚಕ್ರಕ್ಕೆ ಸಿಕ್ಕಿದ್ರು ಅಂದ್ಕಂಡೆ!"

"ಹೋಗ್ಲಿ ಬಿಡಿ, ನಾಳೆ ತಂದ್ರಾಯ್ತು," ಎಂದರು ಗೌರಮ್ಮ.

ಆದರೆ ವೆಂಕಟರಾಮಯ್ಯ ಆಗಲೇ ಇಳಿದು ನಡೆದಿದ್ದರು. ಅವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಅಲ್ಲಿ ಒಂದು ಬೋಲ್ಟು ಕಡಿಮೆಯಾದರೂ ಊಟ ಸೇರದ ಮನುಷ್ಯ, ಚೊಂಬು ಬಿಟ್ಟು ಹೋಗುವುದುಂಟೆ?

ಚೊಂಬು ಎದುರುಮನೆ ಮುನಿಗಂಗಮ್ಮನ ಅಡುಗೆಮನೆಯಲ್ಲಿ ಮಜ್ಜಿಗೆ ತುಂಬಿಕೊಂಡು ನೆಮ್ಮದಿಯಾಗಿ ಕೂತಿತ್ತು.

"ಇದು ನಮ್ದು ಕಣ್ರೀ, ನಮ್ಮತ್ತೆ ಕಾಲದ್ದು," ಎಂದಳು ಮುನಿಗಂಗಮ್ಮ.

ವೆಂಕಟರಾಮಯ್ಯ ಮಜ್ಜಿಗೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಚೊಂಬನ್ನು ಬೋರಲು ಮಾಡಿ, ತಳವನ್ನು ಹೆಬ್ಬೆರಳಿನಿಂದ ಒರೆಸಿದರು. ಚುಕ್ಕಿ ಚುಕ್ಕಿಯಾಗಿ ಎರಡು ಇಂಗ್ಲಿಷ್ ಅಕ್ಷರ ಮೂಡಿತು: ವಿ, ಜಿ. ವೆಂಕಟರಾಮಯ್ಯ, ಗೌರಮ್ಮ. ಮತ್ತಿಕೆರೆಯ ಯಾವ ಮನೆಯ ಪಾತ್ರೆ ಬೋರಲು ಹಾಕಿದರೂ ಹೆಸರು ಕೊರೆಯುವ ಹಬೀಬುಲ್ಲಾನ ಉಳಿ ಬಿದ್ದ ಗುರುತು ಇದ್ದೇ ಇರುತ್ತಿತ್ತು. ಕನ್ನಡದಲ್ಲಾದರೆ ಕೊಂಬು, ದೀರ್ಘ, ಒತ್ತು ಎಲ್ಲ ಸೇರಿ ಜಾಗ ಸಾಲದೆಂದು ಅವನು ಎಲ್ಲರ ಹೆಸರನ್ನೂ ಎರಡೆರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿಬಿಟ್ಟಿದ್ದ.

"ನೋಡಮ್ಮ," ಎಂದು ವೆಂಕಟರಾಮಯ್ಯ ಇಡೀ ಓಣಿಗೆ ಕೇಳುವಂತೆ ಹೇಳಿದರು. "ಹೆಸರು ಯಾರದೋ ಸಾಮಾನು ಅವರದು. ಇದರ ಮೇಲೆ ಯಾವ ಕೋರ್ಟೂ ಇಲ್ಲ."

"ಆಗ್ಲಿ, ತಕ್ಕೊಂಡೋಗಿ," ಎಂದಳು ಮುನಿಗಂಗಮ್ಮ. "ಆಡಿದ ಮಾತು ಗ್ಯಾಪ್ಕ ಇರ್ಲಿ."

ಗೆದ್ದ ಚೊಂಬನ್ನು ಗೌರಮ್ಮನ ಮಡಿಲಿಗಿಟ್ಟು ಅವರು ಲಾರಿ ಹತ್ತಿದರು. ಮುನಿಕೃಷ್ಣಪ್ಪ ಮೋರಿಯಿಂದ ಚಕ್ರ ಎತ್ತಲು ಇಂಜಿನ್ನನ್ನು ಅರಚಿಸಿದ. ಲಾರಿ ಒಮ್ಮೆ ನಡುಗಿತು, ಮುಂದಕ್ಕೆ ಜಗ್ಗಿತು, ಒಳಗೆಲ್ಲೋ ಮುದುಕ ಕಡಲೆ ಕಡಿದಂತೆ "ಕಟಕ್" ಎಂದಿತು. ಆಮೇಲೆ ಇಂಜಿನ್ ಎಷ್ಟು ಕೂಗಿದರೂ ಚಕ್ರಗಳು ಅದು ಬೇರೆ ಯಾರದೋ ವಿಚಾರವೆಂಬಂತೆ ಸುಮ್ಮನಿದ್ದುಬಿಟ್ಟವು.

ವೆಂಕಟರಾಮಯ್ಯನವರ ಮುಖ ಸಣ್ಣಗಾಯಿತು. ಜೇಬಿನಲ್ಲಿದ್ದ ಕಾಗದವನ್ನು ಅವರು ಹದಿನೈದನೆಯ ಸಲ ತೆಗೆದು ಓದಿದರು. ಆರು ವರ್ಷ ಪಟ್ಟಿಯಲ್ಲಿ ಕಾದ ಮೇಲೆ ಅವರಿಗೆ ಕಾರ್ಖಾನೆಯ ಕ್ವಾರ್ಟರ್ಸು ಸಿಕ್ಕಿತ್ತು. ಮನೆಯೊಳಗೇ ನಲ್ಲಿ. ಆರು ವರ್ಷ ಸೇದುವ ಬಾವಿಯ ಮುಂದೆ ಸರದಿ ನಿಂತ ಗೌರಮ್ಮ ನಲ್ಲಿಯ ಕೆಳಗೆ ಯಾವ ಕೊಡ ಇಡಬೇಕೆಂದು ಆಗಲೇ ಗೊತ್ತುಮಾಡಿಟ್ಟಿದ್ದರು. ಆದರೆ ಕೆಲವರು ಬೀಗದ ಕೈ ಪಡೆದು ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರಿಂದ ಒಂದು ಹೊಸ ನಿಯಮ ಬಂದಿತ್ತು: ನೌಕರನು ಸಂಸಾರ ಮತ್ತು ಸಾಮಾನಿನ ಸಮೇತ ಈ ದಿನ ಸಂಜೆ ಐದರೊಳಗೆ ಖುದ್ದು ಹಾಜರಾಗಿ ರುಜು ಹಾಕತಕ್ಕದ್ದು. ತಪ್ಪಿದರೆ ಮನೆ ಪಟ್ಟಿಯಲ್ಲಿರುವ ಮುಂದಿನವರಿಗೆ.

"ರೀ, ಚಿಕ್ಕಮಾರಯ್ಯನ ಎತ್ತಿನ ಗಾಡಿ ಹೇಳಿಬಿಡೋಣ," ಎಂದರು ಗೌರಮ್ಮ. "ಎರಡು ಗಂಟೆ ಹೊತ್ತಿಗೆಲ್ಲ ಅಲ್ಲಿರ್ತೀವಿ."

"ಕ್ವಾರ್ಟರ್ಸಿಗೆ ಎತ್ತಿನ ಗಾಡೀಲಿ ಹೋಗಿ ಇಳಿಯೋದೇ? ಅಕ್ಕಪಕ್ಕದವರೆಲ್ಲ ಇಂಜಿನಿಯರುಗಳು ಗೌರಾ. ಸುಮ್ಮನಿರು, ಒಂದು ಗಂಟೆ ಕೆಲಸ."

ಓಣಿಯ ಕೊನೆಯ ಹೊಂಗೆಮರದ ಕೆಳಗೆ ರಿಪೇರಿ ಮಾಡುತ್ತಿದ್ದ ನೂರುಲ್ಲಾ ಬಂದು ಲಾರಿಯ ಕೆಳಗೆ ತೂರಿದ. ಕಾಲು ಮಾತ್ರ ಹೊರಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಕಾಲುಗಳ ಕಡೆಯಿಂದ ಮಾತು ಬಂತು.

"ಡಿಫ್ರೆನ್ಷಲ್ ಹೋಗಿದೆ ಸ್ವಾಮಿ."

ಹಿಂದಿನ ಎರಡು ಚಕ್ರಗಳ ನಡುವೆ, ಅಚ್ಚಿನ ಮಧ್ಯದಲ್ಲಿ ಕುಂಬಳಕಾಯಿಯಷ್ಟು ದಪ್ಪದ ಕಬ್ಬಿಣದ ಹೊಟ್ಟೆಯೊಂದಿತ್ತು. ಅದರೊಳಗೆ ಒಂದು ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಒಂದು ಚಿಕ್ಕ ಹಲ್ಲುಚಕ್ರ. ಇಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ಇವುಗಳ ಮೂಲಕ. ಚಿಕ್ಕದರ ಹಲ್ಲು ಮುರಿದಿತ್ತು.

"ಇದೇ ಥರದ್ದು ಒಂದು ತಂದುಕೊಡಿ, ಒಂದೇ ಗಂಟೇಲಿ ಹಾಕ್ತೀನಿ. ಆದ್ರೆ ಇದೇ ಇರ್ಬೇಕು. ಒಂದೊಂದು ಲಾರಿಗೆ ಒಂದೊಂದು ಲೆಕ್ಕದ ಹಲ್ಲು."

"ಬಿಚ್ಚಿ ಹಲ್ಲು ಎಣಿಸಿಬಿಡು," ಎಂದ ಮುನಿಕೃಷ್ಣಪ್ಪ. ಅವನು ಕೆರೆ ಹಿಂದಿನ ರಾಗಿ ಹೊಲ ಮಾರಿ ಮೂರು ವರ್ಷದ ಹಿಂದೆ ಹರಾಜಿನಲ್ಲಿ ಈ ಮಿಲಿಟರಿ ಲಾರಿ ಹಿಡಿದವನು. ಅದಕ್ಕೆ ಮೊದಲು ಎತ್ತು ಹಿಡಿಯುತ್ತಿದ್ದ.

ನೂರುಲ್ಲಾ ಹೊರಗೆ ಬಂದು ಎದ್ದು ಕೂತ. ಅವನ ಮರ್ಯಾದೆಗೆ ಪೆಟ್ಟಾಗಿತ್ತು. "ಹಲ್ಲೆಣಿಸೋದು ದನದ ದಲ್ಲಾಳಿ ಕೆಲಸ ಕಣಪ್ಪ. ನಾನು ಮಿಲಿಟರಿ ವರ್ಕ್‌ಶಾಪಲ್ಲಿ ದೊರೆಗಳ ಕೈಕೆಳಗೆ ಕಲಿತವನು. ಇದರ ಮೇಲೇ ನಂಬರು ಹೊಡೆದಿರ್ತಾರೆ. ನಂಬರು ಓದಬೇಕು, ಸಾಮಾನು ತರಿಸಬೇಕು." ಒಂದು ಗಳಿಗೆ ತಡೆದು, ಸ್ವರ ತಗ್ಗಿಸಿ, "ಓದೋಕೆ ಮಾತ್ರ ನಂಗೆ ಬರಲ್ಲ," ಎಂದ.

ನಂಬರೆಂಬ ಮಾತು ಕೇಳಿ ವೆಂಕಟರಾಮಯ್ಯನವರ ಎದೆ ಅರಳಿತು. ಸ್ಟೋರ್ಸಿನ ಮನುಷ್ಯನಿಗೆ ನಂಬರಿಲ್ಲದ ವಸ್ತು ತಬ್ಬಲಿ. ನಂಬರಿದ್ದರೆ ಅದಕ್ಕೆ ತಾಯಿ ತಂದೆ ಎಲ್ಲ ಇದ್ದಂತೆ. ಅವರು ಪಂಚೆ ಎತ್ತಿ ಕಟ್ಟಿ ಲಾರಿಯ ಕೆಳಗೆ ತೂರಿಯೇಬಿಟ್ಟರು. ಅವರ ಹಿಂದೆ ಒಂದು ಬಟ್ಟಲು ಸೀಮೆಎಣ್ಣೆ, ಒಂದು ಚಿಂದಿ, ಗೌರಮ್ಮನ ಒಂದು ಹೇರ್‌ಪಿನ್ನು ಹೋದವು.

"ಆ ಕಡೆ ಮುಟ್ಟಬೇಡಿ ಅಯ್ನೋರೆ," ಎಂದು ಮುನಿಕೃಷ್ಣಪ್ಪ ಬಗ್ಗಿ ಎಚ್ಚರಿಸಿದ. "ಅದು ಆಯುಧಪೂಜೆ ಕುಂಕುಮ. ಅಳಿಸಿದ್ರೆ ನಮ್ಮವ್ವ ನನ್ನ ಅಳಿಸಿಬಿಡ್ತಾಳೆ."

ಅವನ ತಾಯಿ ಲಕ್ಷ್ಮಿದೇವಮ್ಮ ಯಲಹಂಕದ ಮಗಳ ಮನೆಗೆ ಹೋಗಿದ್ದರು. ಇಲ್ಲದಿದ್ದರೂ ಅವರ ಭಯ ಊರಲ್ಲೇ ಇತ್ತು. ಕಬ್ಬಿಣದ ಹೊಟ್ಟೆಯ ಒಂದು ಪಕ್ಕ ಮೂರು ವರ್ಷದ ಅರಿಸಿನ ಕುಂಕುಮ ಒಂದರ ಮೇಲೊಂದು ಮೆತ್ತಿ ಹಲಸಿನ ಸಿಪ್ಪೆಯಂತಾಗಿತ್ತು. ವೆಂಕಟರಾಮಯ್ಯ ಅದನ್ನು ಬಿಟ್ಟು ಇನ್ನೊಂದು ಪಕ್ಕ ಉಜ್ಜಿದರು. ಸೀಮೆಎಣ್ಣೆ ತೋಳಿನ ಒಳಕ್ಕೆ ಹರಿಯಿತು. ಮಣ್ಣು ಕಣ್ಣಿಗೆ ಬಿತ್ತು. ಕೊನೆಗೆ ಜಿಡ್ಡಿನ ಕೆಳಗಿನಿಂದ ಚುಕ್ಕಿ ಚುಕ್ಕಿಯಾಗಿ ಒಂದು ಸಾಲು ಎದ್ದುಬಂತು.

"ಸಿಕ್ತು! ಬರ್ಕೊಳ್ಳಿ! ಎಲ್, ಡಿ, ಆರು, ಹತ್ತು, ಐವತ್ತೇಳು!"

ಓಣಿಯ ಜನ ಲಾರಿ ಸುತ್ತ ಬಗ್ಗಿ ನಿಂತಿದ್ದರು. ನೂರುಲ್ಲಾ ಕಣ್ಣು ಮುಚ್ಚಿ ಯೋಚಿಸಿದ. "ಆರು ಅಂದ್ರೆ ಚಿಕ್ಕ ಚಕ್ರದ ಹಲ್ಲು. ಸರಿ. ಹತ್ತು ಅಂದ್ರೆ... ನಿಲ್ಲಿ." ಅವನು ಮತ್ತೆ ತೂರಿ, ಹೊಟ್ಟೆಯ ಸುತ್ತ ಇದ್ದ ಬೋಲ್ಟುಗಳನ್ನು ಎಣಿಸಿದ. ಸರಿಯಾಗಿ ಹತ್ತು! "ನೋಡಿದ್ರಾ ದೊರೆಗಳ ಕೆಲಸ! ಐವತ್ತೇಳು ದೊಡ್ಡ ಚಕ್ರದ ಹಲ್ಲು. ಸ್ವಲ್ಪ ಜಾಸ್ತಿ ಆಯ್ತು... ಇರ್ಲಿ, ಯುದ್ಧದ ಲಾರಿ."

"ಎಲ್ ಡಿ ಅಂದ್ರೆ?"

"ಲಂಡನ್ನು," ಎಂದರು ವೆಂಕಟರಾಮಯ್ಯ, ಲಾರಿಯ ಕೆಳಗಿನಿಂದಲೇ, ಯಾವ ಸಂಶಯಕ್ಕೂ ಎಡೆಯಿಲ್ಲದ ಸ್ವರದಲ್ಲಿ.

"ರೀ, ಗಾಡಿ..." ಎಂದರು ಗೌರಮ್ಮ.

"ನಂಬರು ಸಿಕ್ಕಿದ ಮೇಲೆ ಗಾಡಿ ಯಾಕೆ?" ಲಾರಿಯ ಮೇಲಿಂದ ತಮ್ಮ ಸೈಕಲ್ ಇಳಿಸಿಕೊಂಡು ವೆಂಕಟರಾಮಯ್ಯ ಯಶವಂತಪುರಕ್ಕೆ ಹೊರಟರು. ಮುಖದ ಅರ್ಧ ಕಪ್ಪಾಗಿತ್ತು, ಉಳಿದರ್ಧ ಹೊಳೆಯುತ್ತಿತ್ತು.

ಯಶವಂತಪುರದ ರೈಲ್ವೆ ಗೂಡ್ಸ್‌ಶೆಡ್ಡಿನ ಹಿಂದೆ ಪಿಳ್ಳಪ್ಪನ ಹಳೇ ಸಾಮಾನಿನ ಅಂಗಡಿ. ಯುದ್ಧ ಮುಗಿದಾಗ ಸರ್ಕಾರ ಹರಾಜು ಹಾಕಿದ ಕಬ್ಬಿಣವೆಲ್ಲ ಅಲ್ಲಿ ಬಂದು ಬಿದ್ದಿತ್ತು. ಪಿಳ್ಳಪ್ಪ 'ಇಲ್ಲ' ಎಂಬ ಪದವನ್ನು ಕಲಿತೇ ಇರಲಿಲ್ಲ. ವೆಂಕಟರಾಮಯ್ಯ ನಂಬರನ್ನು ಚುಕ್ಕಿ ಚುಕ್ಕಿಯಾಗಿ ಇದ್ದಂತೆಯೇ ಬರೆದು ತಂದಿದ್ದ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಎಲ್, ಡಿ, ಆರು, ಹತ್ತು, ಐವತ್ತೇಳು. ಓಹೋ! ಭಾರಿ ಅಪರೂಪದ ಮಾಲು ಸ್ವಾಮಿ."

"ಇಲ್ವಾ?" ವೆಂಕಟರಾಮಯ್ಯ ಚೀಟಿಗೆ ಕೈ ಚಾಚಿದರು.

"ಅಪರೂಪ ಅಂದೆ, ಇಲ್ಲ ಅಂದ್ನಾ? ಒಳಗಡೆ ಗೋಡೌನಲ್ಲಿ ಒಂದೇ ಒಂದು ಉಳಿದಿದೆ. ಹುಡುಕಬೇಕು. ಎರಡು ಗಂಟೆಗೆ ಬನ್ನಿ. ಚೀಟಿ ಇಲ್ಲೇ ಇರ್ಲಿ."

ವೆಂಕಟರಾಮಯ್ಯ ಎದುರಿನ ಹೋಟೆಲಿನ ಜಗಲಿಯಲ್ಲಿ ಕೂತು ಎರಡು ಗಂಟೆಯವರೆಗೆ ಗೂಡ್ಸ್‌ಶೆಡ್ಡಿನ ಗಡಿಯಾರ ನೋಡಿದರು. ಒಳಗಿನಿಂದ ಟಿಕ್ ಟಿಕ್ ಎಂದು ಸುತ್ತಿಗೆಯ ಸದ್ದು ಬರುತ್ತಿತ್ತು. ಪಾಪ, ನನಗಾಗಿ ಎಷ್ಟು ಕಷ್ಟಪಡುತ್ತಿದ್ದಾರೆ ಎಂದುಕೊಂಡರು.

ಎರಡು ಗಂಟೆಗೆ ಪಿಳ್ಳಪ್ಪ ಗೋಣಿ ಸರಿಸಿ ತೋರಿಸಿದ. ಕಬ್ಬಿಣದ ಹೊಟ್ಟೆ, ಅದರ ಮೇಲೆ, ಈಗಷ್ಟೇ ಹುಟ್ಟಿದ ಹಾಗೆ ಮಿರಮಿರ ಮಿಂಚುತ್ತ, ಎಲ್, ಡಿ, ಆರು, ಹತ್ತು, ಐವತ್ತೇಳು. ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಚುಕ್ಕಿ ಕಡಿಮೆ ಇಲ್ಲ. ವೆಂಕಟರಾಮಯ್ಯನವರ ಕಣ್ಣು ತುಂಬಿತು. ಇಪ್ಪತ್ತು ವರ್ಷದ ಸ್ಟೋರ್ಸಿನ ಜೀವನದಲ್ಲಿ ಕೇಳಿದ ನಂಬರು ಮೊದಲನೆಯ ಸಲಕ್ಕೇ ಸಿಕ್ಕಿದ್ದು ಅವರು ಕಂಡಿರಲಿಲ್ಲ.

"ಮುರಿದದ್ದನ್ನ ತಂದುಕೊಟ್ಟು ಇದನ್ನ ಇಟ್ಕೊಳ್ಳಿ, ಬದಲಿಗೆ ಬದಲು," ಎಂದ ಪಿಳ್ಳಪ್ಪ. "ಅಲ್ಲೀವರೆಗೆ ನಂಬಿಕೆಗೆ ನಿಮ್ಮ ಸೈಕಲ್ಲು ಇಲ್ಲೇ ಇರ್ಲಿ."

ವೆಂಕಟರಾಮಯ್ಯ ಸೈಕಲ್ ಬಿಟ್ಟು, ಜಟಕಾ ಹಿಡಿದು, ಡಿಫ್ರೆನ್ಷಲ್ಲನ್ನು ಬಾಣಂತಿಯಂತೆ ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಭಾರಕ್ಕೆ ಜಟಕಾ ಹಿಂದಕ್ಕೆ ಬಗ್ಗಿತ್ತು. ಕುದುರೆಯ ಮುಂಗಾಲು ನೆಲಕ್ಕೆ ತಾಗಿಯೂ ತಾಗದಂತಿತ್ತು. ಮತ್ತಿಕೆರೆ ತಲುಪುವ ಹೊತ್ತಿಗೆ ಮೂರೂಕಾಲು. ಸಾಮಾನು ಇಳಿದ ಕೂಡಲೇ ಜಟಕಾದವನು, "ಇನ್ನು ಕರೀಬೇಡಿ," ಎಂದು ಕುದುರೆಯ ಪರವಾಗಿಯೂ ಹೇಳಿ ಹೊರಟುಹೋದ.

ವೆಂಕಟರಾಮಯ್ಯ ಅಕ್ಕಪಕ್ಕ ನೋಡದೆ, ತಲೆ ಎತ್ತದೆ, ನೇರವಾಗಿ ಲಾರಿಯ ಕೆಳಗೆ ತೂರಿದರು. ನೂರುಲ್ಲಾ ಮುರಿದದ್ದನ್ನು ಆಗಲೇ ಬಿಚ್ಚಿ ಇಳಿಸಿದ್ದ. ಎರಡನ್ನೂ ಹೊರಕ್ಕೆಳೆದು ಅಕ್ಕಪಕ್ಕ ಇಟ್ಟರು. ಅಕ್ಷರಕ್ಕೆ ಅಕ್ಷರ, ಅಂಕೆಗೆ ಅಂಕೆ! ಜನ ಚಪ್ಪಾಳೆ ತಟ್ಟಿದರು. ಮಿಲಿಟರಿ ದೊರೆಗಳ ಗೌರವಾರ್ಥ ನೂರುಲ್ಲಾ ಎದ್ದು ನಿಂತು ಸಲಾಮು ಹೊಡೆದ.

ಆಗ ಜನರ ಹಿಂದಿನಿಂದ ಒಂದು ಸ್ವರ ಕೇಳಿತು.

"ಅದೇನ್ಲಾ ಮುನಿಕೃಷ್ಣ? ನಮ್ ಲಾರಿ ಒಟ್ಟೆ ಯಾಕ್ಲಾ ಬೀದೀಲದೆ?"

ಲಕ್ಷ್ಮಿದೇವಮ್ಮ ಯಲಹಂಕದ ಬಸ್ಸಿಳಿದು, ತಲೆಯ ಮೇಲೊಂದು ಗಂಟು ಹೊತ್ತು ಬಂದಿದ್ದರು. ಹೊಸದು ಯಶವಂತಪುರದಿಂದ ಬಂತೆಂದು ಮಗ ಹೇಳಿದ್ದೇ ತಡ, ಗಂಟು ಇಳಿಸಿ, ಎರಡು ಕಬ್ಬಿಣದ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಸವರಿ ನೋಡಿದರು. ಮೊದಲು ಹಳೆಯದು. ಆಮೇಲೆ ಹೊಸದು.

"ಇದು ನಂದು. ಸರಿ. ಇದೂ ನಂದೇ! ನಮ್ ಸಾಮಾನು ಯಶವಂತಪುರಕ್ಕೆ ಎಂಗೋಯ್ತು?"

"ನಿಮ್ಮದು ಹೇಗಮ್ಮ ಆಗುತ್ತೆ? ಇದು ಲಂಡನ್ನಿಂದು," ಎಂದರು ವೆಂಕಟರಾಮಯ್ಯ.

"ಯಾವ ಲಂಡನ್ನು? ಇಲ್ನೋಡಿ ಅಯ್ನೋರೆ, ಕುಡುಗೋಲು. ಇಲ್ನೋಡಿ, ಅರ್ಧ ರೊಟ್ಟಿ. ನನ್ನೆಸ್ರು! ನಂಗೆ ಓದಕ್ಕೆ ಬರ್ದಿದ್ರೂ ನನ್ನೆಸ್ರು ಗೊತ್ತಾಗಕಿಲ್ವಾ?"

ಅವರು ಎದ್ದು ಮನೆಯೊಳಗೆ ಹೋಗಿ ಒಂದು ಕೊಳಗ, ಎರಡು ತಪ್ಪಲೆ ತಂದು ಡಿಫ್ರೆನ್ಷಲ್ಲುಗಳ ಪಕ್ಕ ಬೋರಲು ಹಾಕಿದರು. ಮೂರರ ತಳದಲ್ಲೂ ಕುಡುಗೋಲು, ಅರ್ಧ ರೊಟ್ಟಿ, ಆರು, ಹತ್ತು, ಐವತ್ತೇಳು. ಎಲ್, ಡಿ: ಲಕ್ಷ್ಮಿದೇವಮ್ಮ. ಸಾವಿರದ ಒಂಬೈನೂರ ಐವತ್ತೇಳನೇ ಇಸವಿ, ಅಕ್ಟೋಬರ್ ಆರನೇ ತಾರೀಕು.

"ಲಾರಿ ಮನೆಗೆ ಬಂದ ದಿನ," ಎಂದರು ಲಕ್ಷ್ಮಿದೇವಮ್ಮ. "ಇವನು ಪೂಜೆಗೆ ಅಂತ ಊವ ತರಕ್ಕೋಗಿದ್ದ. ಅಬೀಬುಲ್ಲಾ ಪಾತ್ರೆಗೆ ಎಸ್ರು ಕೊರೀತಾ ಕುಂತಿದ್ದ. ರಿಪೇರಿಗೆ ಬಿಟ್ರೆ ಒಳ್ಳೆ ಸಾಮಾನು ಬದಲಾಯಿಸ್ತಾರೆ ಅಂತಾರಲ್ಲ? ಇದಕ್ಕೂ ಆಕಪ್ಪ ನನ್ನೆಸ್ರು ಅಂದೆ."

ನೂರುಲ್ಲಾ ತನ್ನ ಸಲಾಮನ್ನು ಹೇಗೆ ವಾಪಸು ತೆಗೆದುಕೊಳ್ಳುವುದೆಂದು ತಿಳಿಯದೆ ತಲೆ ಕೆರೆದುಕೊಂಡ. ಮುನಿಕೃಷ್ಣಪ್ಪ ಮಾತ್ರ ದನದ ದಲ್ಲಾಳಿಯಂತೆ ಎರಡರ ಬಾಯಿಗೂ ಕೈಹಾಕಿ ಹಲ್ಲೆಣಿಸಿದ. ಹಳೆಯದಕ್ಕೆ ಮುರಿದದ್ದೂ ಸೇರಿ ಆರು, ಮೂವತ್ತೇಳು. ಹೊಸದಕ್ಕೆ ಏಳು, ನಲವತ್ತಾರು. ಲಕ್ಷ್ಮಿದೇವಮ್ಮನ ಅಪ್ಪಣೆ ಪಡೆದು ಕುಂಕುಮ ಕೆರೆದಾಗ ಅದರ ಕೆಳಗೆ ಒಂದು ಪುಟ್ಟ ತಗಡು. ತಗಡಿನ ಮೇಲೆ ಅಚ್ಚುಕಟ್ಟಾಗಿ ಆರು, ಮೂವತ್ತೇಳು. ದೊರೆಗಳು ನಂಬರು ಹೊಡೆದೇ ಇದ್ದರು. ಪೂಜೆ ಅದರ ಮೇಲೆ ಆಗಿತ್ತು.

"ಹಾಗಾದ್ರೆ ಹೊಸದನ್ನ ಪಿಳ್ಳಪ್ಪನಿಗೆ ವಾಪಸು..." ಎಂದು ವೆಂಕಟರಾಮಯ್ಯ ಶುರುಮಾಡಿದರು.

"ಯಾಕೆ ಕೊಡ್ಬೇಕು?" ಲಕ್ಷ್ಮಿದೇವಮ್ಮ ಒಂದರ ಮೇಲೆ ಕೂತು ಇನ್ನೊಂದರ ಮೇಲೆ ಕೈಯಿಟ್ಟರು. "ನನ್ನೆಸ್ರದೆ. ಮುರಿದಿರೋದೂ ನಂದೇ, ಮಿನುಗ್ತಿರೋದೂ ನಂದೇ."

"ಅಮ್ಮ, ನನ್ನ ಸೈಕಲ್ಲು ಅಲ್ಲಿದೆ!"

"ಅಯ್ನೋರೆ," ಎದುರುಮನೆ ಬಾಗಿಲಿನಿಂದ ಮುನಿಗಂಗಮ್ಮ ಬಲು ಮೃದುವಾಗಿ ಹೇಳಿದಳು, "ಬೆಳಿಗ್ಗೆ ನೀವೇ ಹೇಳಿದ್ರಲ್ಲ, ಹೆಸರು ಯಾರದೋ ಸಾಮಾನು ಅವರದು. ಇದರ ಮೇಲೆ ಕೋರ್ಟಿಲ್ಲ ಅಂತ."

ಇಡೀ ಓಣಿ ಹೌದು ಹೌದೆಂದಿತು. ವೆಂಕಟರಾಮಯ್ಯ ವಾದಿಸಿದರು, ಬೇಡಿದರು. ಕೊನೆಗೆ ಹೆಂಡತಿಯ ಸಹಾಯಕ್ಕೆಂದು ಲಾರಿಯತ್ತ ತಿರುಗಿ, ವಾಪಸು ಬಂದ ಮೇಲೆ ಮೊದಲ ಸಲ ತಲೆಯೆತ್ತಿ ಮೇಲೆ ನೋಡಿದರು. ಲಾರಿ ಖಾಲಿ! ಒಂದು ಹಂಚಿಕಡ್ಡಿಯೂ ಇರಲಿಲ್ಲ.

"ಗೌರಾ ಎಲ್ಲಿ? ಸಾಮಾನೆಲ್ಲಿ?"

"ಅಯ್ಯೋ, ಮರೆತೇಬಿಟ್ಟೆ!" ಎಂದು ಮುನಿಗಂಗಮ್ಮ ಹಣೆ ಬಡಿದುಕೊಂಡಳು. "ಒಂದು ಗಂಟೆಗೇ ಚಿಕ್ಕಮಾರಯ್ಯನ ಗಾಡೀಲಿ ಎಲ್ಲಾ ಹೇರ್ಕೊಂಡು ಹೋದ್ರು. 'ಬಂದ ತಕ್ಷಣ ಸೈಕಲ್ಲಲ್ಲಿ ನೇರ ಅಲ್ಲಿಗೇ ಬನ್ನಿ, ರುಜು ನಿಮ್ಮದೇ ಆಗ್ಬೇಕು' ಅಂತ ಹೇಳು ಅಂದಿದ್ರು. ಹೇಳೋಣ ಅಂತಲೇ ನಿಂತಿದ್ದೆ. ಜಗಳ ಚೆನ್ನಾಗಿತ್ತು ನೋಡಿ..."

ನಾಲ್ಕೂಕಾಲು. ಸೈಕಲ್ಲಿದ್ದರೆ ಇಪ್ಪತ್ತೈದು ನಿಮಿಷದ ದಾರಿ. ವೆಂಕಟರಾಮಯ್ಯ ಪಂಚೆ ಎತ್ತಿ ಹಿಡಿದು ಓಡಿದರು. ಆಮೇಲೆ ನಡೆದರು. ಆಮೇಲೆ ಓಡಿದಂತೆ ನಡೆದರು. ದಾರಿಯಲ್ಲಿ ಸಿಕ್ಕ ಸೈಕಲ್ಲುಗಳನ್ನೆಲ್ಲ ಕೈಯೆತ್ತಿ ಕರೆದರು. ಸೀಮೆಎಣ್ಣೆ ವಾಸನೆಯ, ಅರ್ಧ ಕಪ್ಪು ಮುಖದ ಮನುಷ್ಯ ಓಡಿಬರುವುದನ್ನು ಕಂಡು ಅವರೆಲ್ಲ ಇನ್ನೂ ಜೋರಾಗಿ ತುಳಿದುಹೋದರು. ಕ್ವಾರ್ಟರ್ಸಿನ ಗೇಟಿಗೆ ಬಂದಾಗ ಕಾರ್ಖಾನೆಯ ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷ.

ಹುಣಿಸೆಮರದ ಕೆಳಗೆ ಚಿಕ್ಕಮಾರಯ್ಯನ ಗಾಡಿ ನಿಂತಿತ್ತು. ಗೌರಮ್ಮ ಅಕ್ಕಿಡಬ್ಬದ ಮೇಲೆ ಕೂತು, ಚೊಂಬನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಎದುರಿನ ಮನೆಯೊಳಗೆ ನಲ್ಲಿಯ ನೀರು ಧೋ ಎಂದು ಸುರಿಯುವ ಸದ್ದು. ಪಟ್ಟಿಯ ಮುಂದಿನ ಮನುಷ್ಯ ಐದಕ್ಕೆ ಎರಡು ನಿಮಿಷವಿರುವಾಗ ಹೆಂಡತಿಯನ್ನು ಹಿಂದೆಯೂ ಟ್ರಂಕನ್ನು ಮುಂದೆಯೂ ಕೂರಿಸಿಕೊಂಡು ಸೈಕಲ್ಲಿನಲ್ಲಿ ಬಂದಿದ್ದನಂತೆ.

"ಗುಮಾಸ್ತರು ಒಳ್ಳೆಯವರು," ಎಂದರು ಗೌರಮ್ಮ. "ಐದು ಹೊಡೆಯೋವರೆಗೂ ಪೆನ್ನು ಕೈಯಲ್ಲೇ ಹಿಡಿದುಕೊಂಡಿದ್ದರು."

ವೆಂಕಟರಾಮಯ್ಯ ಗಾಡಿಯ ಚಕ್ರಕ್ಕೆ ಒರಗಿ ಕೂತರು.

"ನೀರು ಕುಡೀರಿ ಮೊದಲು," ಎಂದು ಗೌರಮ್ಮ ಚೊಂಬು ಕೊಟ್ಟರು. ಅದು ಆ ನಲ್ಲಿಯದೇ ನೀರು. ಒಂದು ಚೊಂಬು ಹಿಡಿದುಕೊಳ್ಳಿ ಎಂದು ಹೊಸಬನ ಹೆಂಡತಿಯೇ ಒಳಗೆ ಕರೆದಿದ್ದಳಂತೆ.

ಮತ್ತಿಕೆರೆಯ ಹಳೇ ಮನೆಗೇ ವಾಪಸು ಬರುವಾಗ ಗಾಡಿ ಯಶವಂತಪುರದ ಮೇಲೆ ಬಂತು. ಮನೆ ಹೋಯಿತು, ಸೈಕಲ್ಲಾದರೂ ಸಿಗಲಿ ಎಂದು ವೆಂಕಟರಾಮಯ್ಯ ಪಿಳ್ಳಪ್ಪನ ಅಂಗಡಿಯ ಮುಂದೆ ಇಳಿದರು. ಬಾಗಿಲಲ್ಲಿ ಹಬೀಬುಲ್ಲಾ ಉಳಿ ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡು ಟೀ ಕುಡಿಯುತ್ತಿದ್ದ.

"ಆ ಕಬ್ಬಿಣದ ಮೇಲೆ ಕೊರೆದವನು ನೀನೇನಯ್ಯಾ?"

"ಹೌದು ಸ್ವಾಮಿ. ಚೀಟಿ ಕೊಟ್ರು, ಹಾಗೇ ಕೊರೆದೆ. ಅಕ್ಷರ ನನ್ನದೇ ಥರ ಇದೆಯಲ್ಲ ಅನ್ನಿಸ್ತು. ಯಾರೋ ನನ್ನ ಕೈ ನೋಡಿ ಕಲಿತಿದ್ದಾರೆ ಅಂತ ಸಂತೋಷಪಟ್ಟೆ."

ಪಿಳ್ಳಪ್ಪ ಒಳಗಿನಿಂದ ಸೈಕಲ್ಲನ್ನು ತಳ್ಳಿಕೊಂಡು ಬಂದ. ವೆಂಕಟರಾಮಯ್ಯ ಕೈ ಚಾಚಿದವರು ಹಾಗೇ ನಿಂತರು. ಹಿಂದಿನ ಮಡ್‌ಗಾರ್ಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಅಕ್ಷರ ಮಿಂಚುತ್ತಿತ್ತು. ಪಿ. ಅದರ ಕೆಳಗೆ ಆ ದಿನದ ತಾರೀಕು.

"ಅಂಗಡಿಗೆ ಬಂದ ಸಾಮಾನು ಕಲಸಿಹೋಗುತ್ತೆ ಸ್ವಾಮಿ," ಎಂದ ಪಿಳ್ಳಪ್ಪ ವಿನಯದಿಂದ. "ನನ್ನ ಡಿಫ್ರೆನ್ಷಲ್ಲು ತಂದುಕೊಡಿ, ಈ ಹೆಸರು ಉಜ್ಜಿಸಿಬಿಡ್ತೀನಿ. ಅಲ್ಲೀತನಕ, ಹೆಸರು ಯಾರದೋ..."

"ಗೊತ್ತು," ಎಂದರು ವೆಂಕಟರಾಮಯ್ಯ.

ಲಕ್ಷ್ಮಿ­ದೇವಮ್ಮ ಅದರ ಮೇಲೆ ಕೂತಿರುವ ಚಿತ್ರ ಅವರ ಕಣ್ಣಮುಂದೆ ಬಂತು. ಅವರನ್ನು ಎಬ್ಬಿಸುವ ಶಕ್ತಿ ಮತ್ತಿಕೆರೆಯಲ್ಲಿ ಯಾರಿಗೂ ಇರಲಿಲ್ಲ. ವೆಂಕಟರಾಮಯ್ಯ ಗಾಡಿ ಹತ್ತಿ, ಸಾಮಾನಿನ ನಡುವೆ, ಒಲೆಯ ಪಕ್ಕ ಮತ್ತೊಂದು ಸಾಮಾನಿನಂತೆ ಕೂತರು. ಗೌರಮ್ಮ ಸೆರಗಿನ ತುದಿಯನ್ನು ಚೊಂಬಿನ ನೀರಲ್ಲಿ ಅದ್ದಿ ಅವರ ಮುಖದ ಕಪ್ಪನ್ನು ಒರೆಸತೊಡಗಿದರು. ಒರೆಸುತ್ತಲೇ ಗಾಡಿಯಿಂದ ಬಗ್ಗಿ ಕೂಗಿದರು.

"ಹಬೀಬುಲ್ಲಾ, ನಾಳೆ ಬೆಳಿಗ್ಗೆ ನಮ್ಮ ಮನೆ ಕಡೆ ಒಂದು ಸಲ ಬಂದು ಹೋಗಪ್ಪ."

"ಬರ್ತೀನಮ್ಮ. ಯಾವ ಪಾತ್ರೆ?"

"ಪಾತ್ರೆ ಅಲ್ಲ. ಇವರ ಮೇಲೆ ನನ್ನ ಹೆಸರು ಕೊರೆದುಬಿಡು. ಇಲ್ಲದಿದ್ರೆ ಯಾವತ್ತಾದರೂ ಯಾರಿಗಾದರೂ ಬದಲಿಗೆ ಕೊಟ್ಟು ಬಂದುಬಿಡ್ತಾರೆ."

ಹಬೀಬುಲ್ಲಾ ಟೀ ಲೋಟ ಕೆಳಗಿಟ್ಟು, ಕೆಲಸ ಒಪ್ಪಿಕೊಳ್ಳುವ ಮೊದಲು ಯಾವಾಗಲೂ ನೋಡುವಂತೆ, ಗಿರಾಕಿಯ ಸಾಮಾನನ್ನು ಮೇಲಿಂದ ಕೆಳಗೆ ಒಮ್ಮೆ ಗಂಭೀರವಾಗಿ ನೋಡಿದ.

"ತಾರೀಕು ಯಾವುದು ಹಾಕ್ಲಿ ಅಮ್ಮಾ? ಮದುವೆದಾ?"

"ಬೇಡ," ಎಂದರು ಗೌರಮ್ಮ. "ಇವತ್ತಿನದೇ ಹಾಕು."